ಮೂವತ್ತಾರು ಕುಣಿಕೆಯ ಕೈಗವಸು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬೆಳಿಗ್ಗೆ ಆರಕ್ಕೆ ಹೊರಡುವ ಬಸ್ಸಿನ ಕಂಡಕ್ಟರ್ ಮಕ್ಬೂಲ್ ಬಹಳ ಒಳ್ಳೆಯ ಮನುಷ್ಯ. ಅವನಲ್ಲಿ ಒಂದೇ ಒಂದು ಐಬು. ಹಿಡಿದ ಕೆಲಸ ಯಾವುದನ್ನೂ ಅವನು ಮುಗಿಸಿದವನಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಅವನ ಮನೆಯನ್ನೇ ನೋಡಬಹುದು. ಮುಂದಿನ ಗೋಡೆಗೆ ಬಳಿಯುತ್ತಿದ್ದ ಹಸಿರು ಬಣ್ಣ ಕಿಟಕಿಯ ಹತ್ತಿರ ಬಂದು ನಿಂತು ಆರು ವರ್ಷವಾಗಿದೆ. ಅಂಚೆಯವನು ಈಗ ಅದನ್ನು ಅರ್ಧ ಹಸಿರು ಮನೆ ಎಂದೇ ಗುರುತು ಹಿಡಿಯುತ್ತಾನೆ. ಅಂಗಳದಲ್ಲಿ ಬಚ್ಚಲ ನೀರಿಗೆಂದು ತೋಡಿದ ಗುಂಡಿ ಮೊಣಕಾಲಿನ ಆಳಕ್ಕೆ ಬಂದಾಗ ಸಾಕೆನಿಸಿತು, ಈಗ ಅದರಲ್ಲಿ ಕೋಳಿಗಳು ಸಂಸಾರ ಮಾಡಿಕೊಂಡಿವೆ. ಹಾರ್ಮೋನಿಯಂ ಕಲಿಯಲು ಕುಳಿತಾಗ ಅವನು ಸ, ರಿ ಎರಡನ್ನೂ ಒಂದು ತಿಂಗಳು ಬಾರಿಸಿದ. ಓಣಿಯ ಜನ ಗ ಬರುತ್ತದೆಂದು ಕಾದು ಕಾದು ಸುಸ್ತಾದರು.

"ಇವ್ರು ಜನ್ಮದಾಗ ಪೂರಾ ಮುಗಿಸಿದ್ದು ನಿಕಾ ಒಂದೇ," ಎಂದು ಹೆಂಡತಿ ಸರ್ದಾರಬಿ ಬಂದವರಿಗೆಲ್ಲ ಹೇಳುತ್ತಿದ್ದಳು. "ಅದೂ ಖಾಜಿ ಸಾಹೇಬ್ರು ಬಾಗಲಕ ಅಡ್ಡ ಕುಂತಿದ್ರಂತ."

ಇಂಥ ಮಕ್ಬೂಲನಿಗೆ ಕಳೆದ ಡಿಸೆಂಬರಿನಲ್ಲಿ ಚಳಿ ಹಿಡಿಯಿತು. ನಮ್ಮ ಕಡೆಯ ಡಿಸೆಂಬರಿನ ಚಳಿ ತಿಳಿಯದವರು ಬೆಳಿಗ್ಗೆ ಆರರ ಬಸ್ಸಿನ ಕಂಬಿಯನ್ನೊಮ್ಮೆ ಮುಟ್ಟಿ ನೋಡಬೇಕು. ಸೆಟೆದ ಬೆರಳಿನಿಂದ ಟಿಕೆಟ್ ಮಷಿನ್ನಿನ ಗುಂಡಿ ಒತ್ತುವ ಅವನ ಪಾಡು ನೋಡಿ, ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರಿಗೆ ಬಟ್ಟೆ ಅಂಗಡಿ ಇಟ್ಟಿರುವ ಅವನ ಹೆಂಡತಿಯ ತಮ್ಮ ಬದ್ರುದ್ದೀನ್ ಒಂದು ಜೋಡಿ ಉಣ್ಣೆಯ ಕೈಗವಸು ತಂದುಕೊಟ್ಟ. ಹೈದರಾಬಾದಿನ ಮಾಲು, ಹೆಬ್ಬೆರಳಿನಷ್ಟು ದಪ್ಪ. ಕೈ ಬೆಚ್ಚಗಾಯಿತು, ಆದರೆ ಒಂದು ಗುಂಡಿ ಒತ್ತಿದರೆ ನಾಲ್ಕು ಗುಂಡಿ ಒತ್ತಿಕೊಳ್ಳತೊಡಗಿದವು. ರಾಜೇಶ್ವರಕ್ಕೆ ಒಂದು ಟಿಕೆಟ್ ಕೇಳಿದ ಮುದುಕಿಗೆ ಹನ್ನೊಂದು ಅರ್ಧ ಟಿಕೆಟ್ ಬಂದವು. ಅವಳು ಬೆಚ್ಚಿಬಿದ್ದು, "ಯಪ್ಪಾ, ನಂಗ ಮಕ್ಕಳೇ ಇಲ್ಲ," ಎಂದಳು.

ಮರುದಿನ ಮಕ್ಬೂಲ್ ಬುದ್ಧಿ ಉಪಯೋಗಿಸಿದ. ಬಸ್ಸು ಹೊರಡುವ ಮೊದಲು ಕತ್ತರಿ ತೆಗೆದುಕೊಂಡು ಹತ್ತೂ ಬೆರಳಿನ ತುದಿಯನ್ನು ಸಮನಾಗಿ ಕತ್ತರಿಸಿಬಿಟ್ಟ. ಉಣ್ಣೆಯ ಹೆಣಿಗೆಯನ್ನು ಕತ್ತರಿಸಿದರೆ ಏನಾಗುತ್ತದೆ ಎನ್ನುವುದು ಅವನಿಗೆ ತಿಳಿದಿರಲಿಲ್ಲ. ಬಂಗ್ಲಾ ಕ್ರಾಸಿಗೆ ಬರುವಷ್ಟರಲ್ಲಿ ಬೆರಳುಗಳು ಬಿಚ್ಚಿಹೋಗಿದ್ದವು. ಅಲ್ಲಿಂದ ಮುಂದೆ ಅಂಗೈ ಬಿಚ್ಚತೊಡಗಿತು. ರಾಜೇಶ್ವರದಲ್ಲಿ ಇಳಿದ ಒಬ್ಬ ಹಿರಿಯರ ಕೊಡೆಗೆ ಎಳೆ ಸಿಕ್ಕಿಕೊಂಡು ಅವರೊಂದಿಗೇ ಇಳಿದುಹೋಯಿತು. ಅವರು ಊರೊಳಗೆ ನಡೆದರು, ಬಸ್ಸು ಹೆದ್ದಾರಿ ಹಿಡಿಯಿತು. ಹುಮನಾಬಾದಿನಲ್ಲಿ ಇಳಿದಾಗ ಮಕ್ಬೂಲನ ಮಣಿಕಟ್ಟಿನಲ್ಲಿ ಬಳೆಯಷ್ಟು ಉಣ್ಣೆ ಉಳಿದಿತ್ತು.

"ದೂಲಾಭಾಯಿ, ನಾ ಕೊಟ್ಟ ಗ್ಲೌಸ್ ಎಲ್ಲಿ?" ಎಂದು ಭಾವನನ್ನು ಕೇಳಿದ ಬದ್ರುದ್ದೀನ್.

"ಬರಾಕತ್ತಾವ," ಎಂದ ಮಕ್ಬೂಲ್.

"ಎಲ್ಲಿಂದ?"

"ರಾಜೇಶ್ವರದಿಂದ."

ಬಸ್ಸಿನ ಐವತ್ತೆರಡು ಜನ ನಕ್ಕರು. ಡ್ರೈವರ್ ಪ್ರೇಮಕುಮಾರ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಸಂಜೆ ಮನೆಯಲ್ಲಿ ಈ ಸುದ್ದಿ ಕೇಳಿ ಮಗಳು ಮೆಹರೀನ್ ಕೂಡ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಅಪ್ಪನ ಬಸ್ಸಿನಲ್ಲೇ ಹೋಗಿಬರಬಹುದೆಂದು ಅವಳನ್ನು ಹುಮನಾಬಾದಿನ ಕಾಲೇಜಿಗೆ ಸೇರಿಸಿದ್ದರು. ಪಿಯುಸಿಯಲ್ಲಿ ಎಲ್ಲ ಪಾಸಾಗಿ ಗಣಿತ ಒಂದು ಕೈಕೊಟ್ಟಿತ್ತು. ಮತ್ತೆ ಪರೀಕ್ಷೆ ಬರೆಯುವ ಫಾರ್ಮ್ ತಿಂಗಳಿನಿಂದ ಗೋಡೆಯ ಗೂಡಿನಲ್ಲಿ ಖಾಲಿ ಬಿದ್ದಿತ್ತು. ಬೈದರೂ ಆಗಲಿಲ್ಲ, ರಮಿಸಿದರೂ ಆಗಲಿಲ್ಲ. "ಸಾಕು, ನಂಗ ಆಗಂಗಿಲ್ಲ," ಎಂದು ಹುಡುಗಿ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಮಕ್ಬೂಲ್ ದಿನಾ ಆ ಫಾರ್ಮಿನ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದ.

ಮಗಳು ನಕ್ಕದ್ದೇ ಅವನಿಗೆ ಹುರುಪು ಬಂತು. "ನೋಡ್ತಿರು. ಬೆರಳ ಬಿಟ್ಟ ಗ್ಲೌಸ್ ನಾನೇ ಹೆಣೀತೀನಿ!"

ಸರ್ದಾರಬಿ ಹಣೆ ಚಚ್ಚಿಕೊಂಡಳು. ಮೆಹರೀನ್ ಮಾತ್ರ ಮುಖ ಗಂಟು ಹಾಕಿಕೊಂಡು, "ಅಬ್ಬಾ, ಮೊದಲ ನೀವ್ ಒಂದು ಜೋಡಿ ಪೂರಾ ಮುಗಸ್ರಿ. ಅವತ್ತು ನಾ ಫಾರ್ಮ್ ತುಂಬ್ತೀನಿ," ಎಂದಳು. ಎಂದರೆ ತುಂಬುವುದೇ ಇಲ್ಲ ಎಂದರ್ಥ. ಇದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು, ಮಕ್ಬೂಲನೊಬ್ಬನನ್ನು ಬಿಟ್ಟು.

"ಕೊನೇ ತಾರೀಖು ಯಾವಾಗ?" ಎಂದು ಕೇಳಿದ.

"ಮೂವತ್ತು. ಸಂಜಿ ನಾಕಕ್ಕ ಆಫೀಸ್ ಬಂದ್."

ಅವತ್ತು ಒಂಬತ್ತನೇ ತಾರೀಖು.

ಬದ್ರುದ್ದೀನನ ಅಂಗಡಿಯ ಉಣ್ಣೆ ಮುಟ್ಟುವುದಿಲ್ಲ ಎಂದು ಮಕ್ಬೂಲ್ ಮೊದಲೇ ಹಟ ಹಿಡಿದ. ಉಣ್ಣೆಗೆ ಅವನು ಮಡೆಪ್ಪನನ್ನು ಹಿಡಿದ. ಕೊಹಿನೂರಿನ ಮಡೆಪ್ಪ ಕುರಿ ಕಾಯುವವನು. ಚಳಿಗಾಲದಲ್ಲಿ ಅವನ ಕುರಿಗಳು ಬಂಗ್ಲಾ ಕ್ರಾಸಿನ ಹೊಲಗಳಲ್ಲಿ ಇರುತ್ತವೆ. ಎರಡು ದಿನಕ್ಕೊಮ್ಮೆ ಅವನು ಬಸ್ಸು ಹತ್ತುತ್ತಾನೆ. ನಿಂತರೂ ಕುಂತರೂ ಅವನ ಕೈಯಲ್ಲಿ ಕದಿರು ತಿರುಗುತ್ತಲೇ ಇರುತ್ತದೆ, ಹೆಗಲ ಚೀಲದ ಉಣ್ಣೆ ಎಳೆಎಳೆಯಾಗಿ ದಾರವಾಗಿ ಅದಕ್ಕೆ ಸುತ್ತಿಕೊಳ್ಳುತ್ತದೆ.

"ಒಂದು ಉಂಡಿ ಕೊಡು ಮಡೆಪ್ಪಾ," ಎಂದ ಮಕ್ಬೂಲ್.

"ಏನ್ ಮಾಡ್ತೀರಿ ಸಾಬ್?"

ರಾಜೇಶ್ವರದ ಮಾತಿಗೆ ಎದ್ದ ನಗು ಇನ್ನೂ ಕಿವಿಯಲ್ಲಿತ್ತು. ಗ್ಲೌಸು ಎಂದರೆ ಬಸ್ಸೇ ಮಗುಚುವಂತೆ ನಗುತ್ತಾರೆ. "ಅದ... ಒಂದು ಸಣ್ಣ ಕೆಲಸದ," ಎಂದು ಮಕ್ಬೂಲ್ ಗುಟ್ಟು ಮಾಡಿದ. ಈ ಗುಟ್ಟಿನ ಫಲ ಮುಂದೆ ಬರುತ್ತದೆ. ಮಡೆಪ್ಪ ಕಪ್ಪು ಕುರಿಯ ಉಣ್ಣೆಯ ಒಂದು ಉಂಡೆ ಕೊಟ್ಟ. ಕೈಯಿಂದ ನೂತದ್ದು, ಒಂದು ಮೊಳ ದಪ್ಪ, ಇನ್ನೊಂದು ಮೊಳ ತೆಳು. ತಾನೂ ನೂಲುತ್ತೇನೆಂದು ಮಕ್ಬೂಲ್ ಕದಿರು ಇಸಿದುಕೊಂಡ. ಅದು ಜಾರಿ ಉರುಳಿ ಡ್ರೈವರನ ಕಾಲಡಿಗೆ ಹೋಯಿತು.

"ಮಕ್ಬೂಲ್ ಭಾಯಿ, ಇದು ಬ್ರೇಕಿನ ಕೆಳಗ ಸಿಕ್ಕಿದ್ರ ನಾವು ಸೀದಾ ಹೈದರಾಬಾದ್‌ದಾಗ ನಿಂದರ್ತೀವಿ!" ಎಂದು ಪ್ರೇಮಕುಮಾರ ಕೂಗಿದ. ನೂಲುವ ವಿದ್ಯೆ ಅಲ್ಲಿಗೆ ಮುಗಿಯಿತು.

ಸಲಾಯಿಗೆ, ಎಂದರೆ ಹೆಣಿಗೆಯ ಕಡ್ಡಿಗೆ, ಸೈಕಲ್ ಅಂಗಡಿಯಲ್ಲಿ ಎರಡು ಚಕ್ರದ ಕಡ್ಡಿ ತಂದು ಮೊನೆ ಉಜ್ಜಿಕೊಂಡ. ಗುರುವಾಗಿ ಪಕ್ಕದ ಮನೆಯ ಬಿಸ್ಮಿಲ್ಲಾ ಬೀ ಸಿಕ್ಕಳು. ಎಪ್ಪತ್ತು ದಾಟಿದ ಬಿಸ್ಮಿಲ್ಲಾ ಬೀ ಒಂದು ಕಾಲದಲ್ಲಿ ಓಣಿಯ ಮಕ್ಕಳಿಗೆಲ್ಲ ಸ್ವೆಟರ್ ಹೆಣೆದವಳು. ಅವಳ ಶಾಸ್ತ್ರದಲ್ಲಿ ಇರುವುದು ಎರಡೇ ಮಾತು, ಸೀದಾ ಮತ್ತು ಉಲ್ಟಾ. ಮೂರನೆಯದು ಅವಳ ಕೋಲು.

"ಮೂವತ್ತಾರು ಕುಣಿಕಿ ಹಾಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಗೇಣುದ್ದ ಆದ ಮ್ಯಾಲ ಮಡಿಚಿ ಬಾಜೂ ಹೊಲಿ, ಹೆಬ್ಬೆರಳಿಗಿ ಜಾಗಾ ಬಿಡು. ಇಷ್ಟೇ," ಎಂದಳು. ಮಕ್ಬೂಲ್ ಹಿಡಿದ ರೀತಿ ನೋಡಿ ಕೋಲು ಕುಟ್ಟಿದಳು. "ಅಷ್ಟು ಗಟ್ಟಿ ಯಾಕ ಹಿಡೀತಿ ಬೇಟಾ? ಬಸ್ಸಿನ ಕಂಬಿ ಅಲ್ಲ ಅದು, ಬೀಳಂಗಿಲ್ಲ ನೀ."

ಹೇಳಿದಷ್ಟು ಸುಲಭವಿರಲಿಲ್ಲ. ಮಕ್ಬೂಲ್ ಬಸ್ಸು ನಿಂತಲ್ಲೆಲ್ಲ ಚೀಲದಿಂದ ಹೆಣಿಗೆ ತೆಗೆಯುತ್ತಿದ್ದ. ತಲೆ ಒಂದು, ಎಣಿಕೆ ಎರಡು. ಹದಿನೇಳು, ಹದಿನೆಂಟು ಎನ್ನುವಾಗ ಯಾರೋ "ಹುಮನಾಬಾದ್ ಎರಡು" ಎನ್ನುತ್ತಿದ್ದರು. ಕುಣಿಕೆ ಎರಡಾಗುತ್ತಿದ್ದವು, ಟಿಕೆಟು ಹದಿನೆಂಟಾಗುತ್ತಿದ್ದವು. ಒಮ್ಮೆ ಒಬ್ಬ ಮೇಷ್ಟ್ರನ್ನು, "ಸೀದಾ ಏನ್ರಿ, ಉಲ್ಟಾ ಏನ್ರಿ?" ಎಂದು ಕೇಳಿದ. "ಸೀದಾ ಹೋಗ್ರಿ, ಸ್ಕೂಲಿಗಿ ತಡಾ ಆಗ್ಯಾದ," ಎಂದರು ಅವರು.

ಆರನೇ ದಿನಕ್ಕೆ ಮೊದಲ ಗವಸು ಮುಗಿಯಿತು. ಮಣಿಕಟ್ಟಿನಲ್ಲಿ ಮೂವತ್ತಾರು ಕುಣಿಕೆಯಿಂದ ಹೊರಟದ್ದು ಬೆರಳಿನ ಕಡೆ ಬರುವಾಗ ಹದಿಮೂರಾಗಿತ್ತು. ಉಳಿದ ಇಪ್ಪತ್ತಮೂರು ಎಲ್ಲಿ ಇಳಿದುಹೋದವೋ ಕಂಡಕ್ಟರಿಗೇ ಗೊತ್ತಾಗಲಿಲ್ಲ. ಹೊಲಿದಾಗ ಅದು ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪಾಗಿ, ನಡುವೆ ಹೆಬ್ಬೆರಳಿನ ತೂತಿನೊಂದಿಗೆ ತಯಾರಾಯಿತು. ಕೈಗೆ ಹಾಕಿದರೆ ಎರಡು ಬೆರಳಿಗೆ ಜಾಗ ಸಿಕ್ಕಿತು, ಎರಡು ಹೊರಗೆ ಉಳಿದವು.

ಬಿಸ್ಮಿಲ್ಲಾ ಬೀ ಕನ್ನಡಕ ಹಾಕಿಕೊಂಡು ಅದನ್ನು ತಿರುವಿ ತಿರುವಿ ನೋಡಿದಳು. "ಮಾಶಾಅಲ್ಲಾ. ಸಮೋಸಾ ಚಂದ ಆಗ್ಯಾದ," ಎಂದಳು.

ಎಲ್ಲಿ ತಪ್ಪಿತೆಂದು ನೋಡಲು ಮರುದಿನ ಮಕ್ಬೂಲ್ ಅದನ್ನು ಬಸ್ಸಿಗೆ ಒಯ್ದ. ಬಂಗ್ಲಾ ಕ್ರಾಸಿನಲ್ಲಿ ಮಡೆಪ್ಪ ಒಂದು ಕುರಿಮರಿಯನ್ನು ಎತ್ತಿಕೊಂಡು ಹತ್ತಿದ. ಮೊಲೆ ಬಿಡಿಸುವ ವಯಸ್ಸಿನ ಮರಿ, ಸಿಕ್ಕಿದ್ದನ್ನೆಲ್ಲ ಚೀಪುತ್ತಿತ್ತು. ಮಕ್ಬೂಲನ ಚೀಲದ ಮೇಲಿದ್ದ ಕಪ್ಪು ವಸ್ತು ಮಡೆಪ್ಪನ ಕಣ್ಣಿಗೆ ಬಿತ್ತು. ಅವನು ಅದನ್ನೆತ್ತಿ ಮರಿಯ ಬಾಯಿಗೆ ಹಾಕಿದ. ಅಳತೆ ತೆಗೆದು ಮಾಡಿದಂತೆ ಕೂತಿತು. ಹೆಬ್ಬೆರಳಿನ ತೂತು ಸರಿಯಾಗಿ ಮೂಗಿನ ಮೇಲೆ ಬಂತು.

"ಆಹಾ! ಬಾಯಿಕುಕ್ಕಿ!" ಎಂದ ಮಡೆಪ್ಪ. ಮರಿ ತಾಯಿಯ ಮೊಲೆಗೆ ಬಾಯಿ ಹಾಕದಂತೆ ಕುರಿಗಾರರು ಹಗ್ಗದಿಂದಲೋ ಗೋಣಿಯಿಂದಲೋ ಇಂಥದ್ದು ಕಟ್ಟುತ್ತಾರೆ. ಮಡೆಪ್ಪನ ಕಣ್ಣಲ್ಲಿ ನೀರು ಬಂತು. "ಹಗ್ಗದ್ದು ಹಾಕಿದ್ರ ಮೂತಿ ಕೆತ್ತತದ ಸಾಬ್. ಇದು ಮೆತ್ತಗ ಅದ. ಉಸಿರಾಡಾಕ ತೂತ ಬ್ಯಾರೆ ಬಿಟ್ಟೀರಿ! ನಮ್ಮ ಮುತ್ಯಾಗ ಸುದ್ದಾ ಇದು ಹೊಳೆದಿದ್ದಿಲ್ಲ. ಇದಕ್ಕ ಏನ್ರಿ ಗುಪ್‌ಚುಪ್ ಉಣ್ಣಿ ಒಯ್ದಿದ್ದು?"

ಐವತ್ತೆರಡು ಜನ ತಿರುಗಿ ನೋಡಿದರು. ಈ ಸಲ ಯಾರೂ ನಗಲಿಲ್ಲ. ಭೇಷ್ ಎಂದರು. ಪ್ರಾಮಾಣಿಕನಾದವನು ಈಗ ಬಾಯಿ ಬಿಟ್ಟು ಇದು ಗ್ಲೌಸು ಎಂದು ಹೇಳಬೇಕಿತ್ತು. ಮಕ್ಬೂಲ್ ಪ್ರಾಮಾಣಿಕನೇ, ಆದರೆ ಐವತ್ತೆರಡು ಜನರ ಭೇಷ್ ಅವನ ಪಾಲಿಗೆ ಬಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಸುಮ್ಮನೆ ನಕ್ಕ. ಮುಂದಿನ ಎಲ್ಲ ಅನಾಹುತಕ್ಕೂ ಆ ನಗೆಯೇ ಮೂಲ.

ಹುಮನಾಬಾದಿನಲ್ಲಿ ಬದ್ರುದ್ದೀನ್ ಮೊಬೈಲ್ ತೆಗೆದ. ಖಾಕಿ ಬಟ್ಟೆಯ ಮಕ್ಬೂಲ್, ಅವನ ಕೈಯಲ್ಲಿ ಕುಕ್ಕೆ ಹಾಕಿದ ಮರಿ, ಪಕ್ಕದಲ್ಲಿ ಹಲ್ಲು ಬಿಟ್ಟ ಮಡೆಪ್ಪ. ಫೋಟೋದ ಕೆಳಗೆ ಹೀಗೆ ಬರೆದು ಊರಿಗೆಲ್ಲ ಕಳಿಸಿದ: "ನಮ್ಮ ದೂಲಾಭಾಯಿ, ಸರ್ಕಾರಿ ಕಂಡಕ್ಟರ್, ಕುರಿಮರಿಗಳಿಗೆ ಪುಕ್ಕಟೆ ಬಾಯಿಕುಕ್ಕಿ."

ಸರ್ಕಾರಿ ಮತ್ತು ಪುಕ್ಕಟೆ ಎನ್ನುವ ಎರಡು ಶಬ್ದ ಒಂದೇ ಸಾಲಿನಲ್ಲಿ ಬಂದರೆ ನಮ್ಮ ಜಿಲ್ಲೆಯಲ್ಲಿ ಉಳಿದ ಶಬ್ದಗಳನ್ನು ಯಾರೂ ಓದುವುದಿಲ್ಲ. ಮರುದಿನ ಬಂಗ್ಲಾ ಕ್ರಾಸಿನಲ್ಲಿ ಎಂಟು ಜನ ಮರಿಗಳೊಂದಿಗೆ ನಿಂತಿದ್ದರು. ಅದರ ಮರುದಿನ ಹುಲಸೂರಿನವರು ಬಂದರು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝರಾಕ್ಸ್, ರೇಷನ್ ಕಾರ್ಡು, ಎರಡೆರಡು ಪಾಸ್‌ಪೋರ್ಟ್ ಸೈಜಿನ ಫೋಟೋ. ತಿಳಿದವರು ಮರಿಯದೂ ಒಂದು ಫೋಟೋ ತೆಗೆಸಿಕೊಂಡು ಬಂದಿದ್ದರು.

"ನಂದು ಎಮ್ಮಿ ಕರ ಅದ, ದೊಡ್ಡ ಸೈಜ್ ಬರ್ತದೇನ್ರಿ?" ಎಂದ ಒಬ್ಬ.

ಬೇಮಳಖೇಡದ ಸಖುಬಾಯಿ ಎಂಬ ಹೆಂಗಸಂತೂ ಜಗಳಕ್ಕೇ ಬಂದಳು. "ಮೊದಲನೇ ಕಂತಿನಾಗ ನಮ್ಮ ಹೆಸರ ಯಾಕ ಬಿಟ್ಟೀರಿ? ಐದು ಮರಿ ಅವ ನಂದು."

"ಯಾವ ಕಂತವ್ವಾ?"

"ಹೌದ್, ನೀವೇ ನಮಗ ಕೇಳ್ರಿ! ಹೋಗ್ಲಿ, ಕೊನೇ ತಾರೀಖರ ಹೇಳ್ರಿ."

ಮಕ್ಬೂಲನ ತಲೆಯಲ್ಲಿ ಆ ದಿನಗಳಲ್ಲಿ ಇದ್ದದ್ದು ಒಂದೇ ತಾರೀಖು. "ಮೂವತ್ತು. ಸಂಜಿ ನಾಕಕ್ಕ ಬಂದ್," ಎಂದುಬಿಟ್ಟ. ಬಸ್ಸಿನ ತುಂಬ ಜನ ಅದನ್ನು ಬರೆದುಕೊಂಡರು.

ಇಪ್ಪತ್ತೆರಡರಂದು ಡಿಪೋ ಮ್ಯಾನೇಜರ್ ಮಹಾರುದ್ರಪ್ಪನವರಿಂದ ಕರೆ ಬಂತು. ಅವರ ಮೇಜಿನ ಮೇಲೆ ನಲವತ್ತಮೂರು ಅರ್ಜಿ ಇದ್ದವು. ಮೇಲಿನದರಲ್ಲಿ ಒಂದು ಆಡಿನ ಮರಿ ಕ್ಯಾಮೆರಾ ನೋಡುತ್ತಿತ್ತು.

"ಏನ್ರಿ ಇದು ಮಕ್ಬೂಲ್? ನಮ್ಮ ಇಲಾಖೆ ಯಾವಾಗ್ರಿ ಕುರಿ ಸಾಕಾಕ ಶುರು ಮಾಡ್ತು?"

ಮಕ್ಬೂಲ್ ಇನ್ನು ಮುಚ್ಚಿಡಲಿಲ್ಲ. "ಸರ್, ಅದು ಕುಕ್ಕಿ ಅಲ್ರಿ. ಗ್ಲೌಸ್ ರೀ."

"ಗ್ಲೌಸ್? ಎಲ್ಲಿ, ತೋರಸ್ರಿ."

ಮೊದಲನೆಯದು ಮಡೆಪ್ಪನ ಮರಿಯ ಬಾಯಲ್ಲಿತ್ತು. ಮಕ್ಬೂಲ್ ಜೇಬಿನಿಂದ ಎರಡನೆಯದನ್ನು ತೆಗೆದ. ಇದು ಮೊದಲಿನದಕ್ಕಿಂತ ಸುಧಾರಿಸಿತ್ತು, ಮೂವತ್ತಾರರಿಂದ ಹೊರಟು ಹತ್ತೊಂಬತ್ತಕ್ಕೆ ನಿಂತಿತ್ತು.

"ಹಾಕ್ಕೊಳ್ರಿ ಕೈಗಿ."

ಮಕ್ಬೂಲ್ ಹಾಕಿಕೊಂಡ. ಎಳೆದ. ತಿರುವಿದ. ಹಲ್ಲು ಕಚ್ಚಿ ಎಳೆದ. ಮೂರು ಬೆರಳು ಹೊರಬಂದವು, ನಾಲ್ಕನೆಯದು ಒಳಗೇ ಉಳಿಯಿತು. ಮಹಾರುದ್ರಪ್ಪನವರು ಮೇಜಿನ ಆಚೆಯಿಂದ ಬಗ್ಗಿ ಪರೀಕ್ಷೆ ಮಾಡಿದರು.

"ಇದು ಕುಕ್ಕಿನೇರಿ," ಎಂದು ತೀರ್ಪು ಕೊಟ್ಟರು. ಬಸ್ಸಿನೊಳಗೆ ಇನ್ನು ಸಲಾಯಿ ಹಿಡಿಯಕೂಡದು ಎಂದು ಮೆಮೋ ಬರೆದು ಕೊಟ್ಟರು. ಮಕ್ಬೂಲ್ ಬಾಗಿಲು ದಾಟುವಾಗ ಹಿಂದಿನಿಂದ ದನಿ ತಗ್ಗಿಸಿ ಕರೆದರು. "ಮಕ್ಬೂಲ್... ನಮ್ಮ ಮನ್ಯಾಗ ಎರಡು ಆಡಿನ ಮರಿ ಅವ. ನೋಡ್ರಿ ಹ್ಯಾಂಗಾತದ."

ಸಂಜೆ ಮನೆಯಲ್ಲಿ ಸರ್ದಾರಬಿ ಬುದ್ಧಿ ಹೇಳಿದಳು. "ಊರೆಲ್ಲ ಕುಕ್ಕಿ ಕೇಳಾಕತ್ತದ. ಸಾಹೇಬ್ರು ಸುದ್ದಾ ಕೇಳಿದ್ರು. ಆ ಗ್ಲೌಸ್ ಸುದ್ದಿ ಬಿಡ್ರಿ, ಕುಕ್ಕಿನೇ ಮಾಡ್ರಿ. ಬಂದಿದ್ದು ಬಂತು ಅನ್ರಿ."

ಯೋಚಿಸಿದರೆ ಇದರಲ್ಲಿ ತಪ್ಪೇನಿರಲಿಲ್ಲ. ಅವನ ಅರ್ಧ ಕೆಲಸಕ್ಕೆ ಮೊದಲ ಸಲ ಊರು ಒಂದು ಹೆಸರು ಕೊಟ್ಟಿತ್ತು, ಮರ್ಯಾದೆಯೂ ಸಿಕ್ಕಿತ್ತು. ಮಕ್ಬೂಲ್ ಎರಡನೇ ಗವಸನ್ನು ಕೈಯಲ್ಲಿ ಹಿಡಿದು ತಿರುವಿದ. ಗೂಡಿನಲ್ಲಿದ್ದ ಫಾರ್ಮಿನ ಕಡೆಗೊಮ್ಮೆ ನೋಡಿದ.

"ಕುಕ್ಕಿ ಆಗ್ಯಾದ, ಖರೇ," ಎಂದ. "ಆದ್ರ ನಾ ಕುಕ್ಕಿ ಮಾಡಾಕ ಕುಂತಿದ್ದಿಲ್ಲ."

ಹೊಲಿಗೆ ಬಿಚ್ಚಿದ. ಎಳೆ ಹಿಡಿದು ಎಳೆದ. ಐದು ದಿನದ ಕೆಲಸ ಐದು ನಿಮಿಷದಲ್ಲಿ ಮತ್ತೆ ಉಂಡೆಯಾಯಿತು. ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಮೆಹರೀನ್ ತಲೆಯೆತ್ತಿದಳು. ಅಪ್ಪ ಒಂದು ಕೆಲಸವನ್ನು ಬಿಟ್ಟದ್ದು ಅವಳು ಎಷ್ಟೋ ಸಲ ನೋಡಿದ್ದಳು, ಬಿಚ್ಚಿ ಮತ್ತೆ ಶುರು ಮಾಡಿದ್ದನ್ನು ನೋಡಿರಲಿಲ್ಲ. ಮಕ್ಬೂಲ್ ಮತ್ತೆ ಮೂವತ್ತಾರು ಹಾಕಿದ. ಮೂರು ಸಾಲಿಗೆ ಮೂವತ್ತನಾಲ್ಕಾಯಿತು. ಮತ್ತೆ ಬಿಚ್ಚಿದ.

ಹುಡುಗಿಗೆ ತಡೆಯಲಾಗಲಿಲ್ಲ. "ಅಬ್ಬಾ, ಪ್ರತಿ ಸಾಲಿನ ಕೊನಿಗಿ ಎಣಸ್ತೀರೋ ಇಲ್ಲೋ?"

"ಎಣಸಿದ್ರ ಟಿಕೆಟ್ ನೆನಪ ಬರ್ತಾವ ಬೇಟಾ."

"ಕೊಡ್ರಿ ಇಲ್ಲಿ." ಅವಳು ಟೇಪು ತಂದಳು. ಅಪ್ಪನ ಅಂಗೈ ಸುತ್ತಳತೆ ತೆಗೆದಳು, ಎಂಟು ಇಂಚು. ಒಂದು ಇಂಚಿಗೆ ನಾಲ್ಕೂವರೆ ಕುಣಿಕೆ. "ಅಂದ್ರ ಮೂವತ್ತಾರು ಖರೇ ಅದ. ಇಂಚಿಗಿ ಆರು ಸಾಲು. ಒಟ್ಟು ನಲವತ್ತೆರಡು ಸಾಲು. ಇಪ್ಪತ್ತನಾ... ಇಲ್ಲ, ಇಪ್ಪತ್ತಾರನೇ ಸಾಲಿನಿಂದ ಹೆಬ್ಬೆರಳಿನ ಜಾಗಾ." ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕೊಟ್ಟಳು. ಪ್ರತಿ ಸಾಲಿಗೊಂದು ಮನೆ, ಎಣಿಸಿ ಸರಿಯಿದ್ದರೆ ಒಂದು ಗುರುತು. ಅದು ಗಣಿತದ ನೋಟ್‌ಬುಕ್ಕೇ ಆಗಿತ್ತು. ಮಕ್ಬೂಲ್ ಏನೋ ಹೇಳಲು ಬಾಯಿ ತೆರೆದ, ಸರ್ದಾರಬಿ ಕಣ್ಣಿನಿಂದಲೇ ಅವನ ಬಾಯಿ ಮುಚ್ಚಿಸಿದಳು.

ಇಪ್ಪತ್ತೇಳರಂದು ಒಂದು ಗವಸು ಮುಗಿಯಿತು. ಮೂವತ್ತಾರರಿಂದ ಹೊರಟು ಮೂವತ್ತಾರಕ್ಕೇ ಬಂದು ನಿಂತಿತ್ತು. ಬಲಗೈಗೆ ಹಾಕಿಕೊಂಡರೆ ನಾಲ್ಕು ಬೆರಳೂ ಹೊರಬಂದವು, ಹೆಬ್ಬೆರಳು ತನ್ನ ಬಾಗಿಲಿನಿಂದ ಹೊರಬಂತು. ಮಕ್ಬೂಲ್ ಅದನ್ನು ಹಾಕಿಕೊಂಡು ಓಣಿಯಲ್ಲಿ ಎರಡು ಸಲ ಸುಮ್ಮಸುಮ್ಮನೆ ಓಡಾಡಿದ. ಬಿಸ್ಮಿಲ್ಲಾ ಬೀ ಕೈ ಹಿಡಿದು ನೋಡಿ, "ಇದು ಸಮೋಸಾ ಅಲ್ಲ," ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

ಎರಡನೆಯದಕ್ಕೆ ಮೂರೇ ದಿನ. ಬಸ್ಸಿನಲ್ಲಿ ಮೆಮೋ ಅಡ್ಡ ಬಂತು. ಊಟದ ಹೊತ್ತು, ಚಹಾದ ಹೊತ್ತು, ಎಲ್ಲವನ್ನೂ ಹೆಣಿಗೆಗೆ ಕೊಟ್ಟ. ಮೂವತ್ತರಂದು ಮಧ್ಯಾಹ್ನ ಮೂರಕ್ಕೆ ಬಸ್ಸು ಹುಮನಾಬಾದಿಗೆ ಬಂದು ನಿಂತಾಗ ಇನ್ನೂ ಹನ್ನೆರಡು ಸಾಲು ಬಾಕಿಯಿದ್ದವು. ಬಸ್ಸು ತಿರುಗಿ ಹೊರಡುವುದು ಮೂರು ನಲವತ್ತಕ್ಕೆ. ಮೆಹರೀನ್ ಅದೇ ಬಸ್ಸಿನಲ್ಲಿ ಬಂದಿದ್ದಳು. ಚೀಲದಲ್ಲಿ ಫಾರ್ಮ್ ಇತ್ತು, ಖಾಲಿ.

"ಜೋಡಿ ಅಂದ್ರ ಜೋಡಿ ಅಬ್ಬಾ," ಎಂದಳು. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಮಕ್ಬೂಲ್ ಇಳಿದು ನೋಡಿದರೆ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯೋಜನೆಯ ಕೊನೆಯ ದಿನವಲ್ಲವೇ! ಆಡು, ಕುರಿ, ಎಮ್ಮೆ ಕರು, ಝರಾಕ್ಸ್ ಹಿಡಿದ ಜನ. ಮುಂದೆ ಸಖುಬಾಯಿ, ಐದೂ ಮರಿಗಳೊಂದಿಗೆ. ಮಕ್ಬೂಲ್ ಯಾರಿಗೂ ಉತ್ತರ ಕೊಡಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು ಸಲಾಯಿ ತೆಗೆದ.

"ಈಗ ಮಾಡಾಕತ್ತಾರ, ಲೈನಿನ್ಯಾಗ ನಿಂದರ್ರಿ!" ಎಂದಳು ಸಖುಬಾಯಿ. ಜನ ಶಿಸ್ತಾಗಿ ಸುತ್ತ ನಿಂತರು.

ಆರು ಸಾಲು ಆಯಿತು. ಮಕ್ಬೂಲ್ ಚೀಲಕ್ಕೆ ಕೈ ಹಾಕಿದ. ಉಣ್ಣೆ ಇರಲಿಲ್ಲ. ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಉಂಡೆ ಸವೆದುಹೋಗಿತ್ತು. ಚೀಲವನ್ನು ಬೋರಲು ಹಾಕಿ ಕೊಡವಿದ.

"ಮಡೆಪ್ಪಾ!" ಎಂದು ಕೂಗಿದ.

ಗುಂಪಿನ ಹಿಂದೆ ಕದಿರು ತಿರುಗಿಸುತ್ತಿದ್ದ ಮಡೆಪ್ಪ ಮುಂದೆ ಬಂದ. "ಕರೀದು ಮುಗದದ ಸಾಬ್. ಬಿಳೀದು ಅದ, ನೂಲಬೇಕು."

"ನೂಲು!"

ಮಡೆಪ್ಪ ಪಕ್ಕದಲ್ಲಿ ನಿಂತು ನೂಲತೊಡಗಿದ. ಕದಿರಿನಿಂದ ಇಳಿದ ಎಳೆ ನೇರವಾಗಿ ಮಕ್ಬೂಲನ ಸಲಾಯಿಗೆ ಬಂತು. ಕಪ್ಪು ಗವಸಿನ ಮೇಲೆ ಬಿಳಿಯ ಪಟ್ಟಿ ಏಳತೊಡಗಿತು. ಸಾಲಿನ ಕೊನೆಯಲ್ಲಿ ಇಡೀ ಬಸ್ ಸ್ಟ್ಯಾಂಡೇ ಎಣಿಸಿತು. "ಮೂವತ್ನಾಕು, ಮೂವತ್ತೈದು, ಮೂವತ್ತಾರು!" ಮೆಹರೀನ್ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದಳು. ಮೂರೂವರೆಗೆ ನಲವತ್ತೆರಡನೇ ಸಾಲು ಮುಗಿಯಿತು. ಮಕ್ಬೂಲ್ ದಬ್ಬಣ ತೆಗೆದು ಸರಸರನೆ ಬದಿ ಹೊಲಿದು, ಎರಡೂ ಕೈಗೆ ಹಾಕಿಕೊಂಡು ಎದ್ದು ನಿಂತು ಕೈಯೆತ್ತಿದ. ಜನ ಚಪ್ಪಾಳೆ ತಟ್ಟಿದರು.

"ಅಬ್ಬಾ," ಎಂದಳು ಮೆಹರೀನ್ ಮೆಲ್ಲಗೆ. "ಎಡಗೈಯಾಗ ಹೆಬ್ಬೆರಳು ಎಲ್ಲದ?"

ಎಡಗೈಯ ಹೆಬ್ಬೆರಳು ಒಳಗಿತ್ತು. ಅವಸರದಲ್ಲಿ ಅವನು ಜಾಗ ಬಿಡದೆ ತಳದಿಂದ ತುದಿಯವರೆಗೂ ಹೊಲಿದುಬಿಟ್ಟಿದ್ದ.

"ಉಸಿರಾಡಾಕ ತೂತೇ ಇಲ್ಲಲ್ರಿ! ಮರಿ ಸಾಯ್ತದ!" ಎಂದ ಮಡೆಪ್ಪ ಗಾಬರಿಯಾಗಿ.

ಬದ್ರುದ್ದೀನ್ ಅಂಗಡಿಯಿಂದ ಕತ್ತರಿ ಹಿಡಿದುಕೊಂಡು ಓಡಿಬಂದ. "ದೂಲಾಭಾಯಿ, ಒಂದು ತೂತ ಕತ್ತರಸ್ರಿ, ಮುಗೀತು!"

"ಕತ್ತರಿ ಬ್ಯಾಡ!" ಎಂದು ಬಸ್ಸಿನ ಹಳೆಯ ಪ್ರಯಾಣಿಕರೆಲ್ಲ ಒಟ್ಟಿಗೆ ಕಿರುಚಿದರು. ಅವರು ರಾಜೇಶ್ವರವನ್ನು ಮರೆತಿರಲಿಲ್ಲ.

ಪ್ರೇಮಕುಮಾರ ಹಾರ್ನ್ ಹೊಡೆದ. "ಭಾಯಿ, ಆತು ಬಿಡ್ರಿ! ಹೆಬ್ಬೆರಳು ಒಳಗಿದ್ರ ಬೆಚ್ಚಗ ಇರ್ತದ. ನಡೀರಿ!"

ಅದೂ ನಿಜವೇ. ಜೋಡಿ ಆಗಿತ್ತು, ಜನ ಚಪ್ಪಾಳೆ ತಟ್ಟಿದ್ದರು. ಹಳೆಯ ಮಕ್ಬೂಲನಾಗಿದ್ದರೆ ಇಷ್ಟಕ್ಕೇ ಕೈತೊಳೆದುಕೊಂಡು ಚಹಾ ಕುಡಿಯಲು ಹೋಗುತ್ತಿದ್ದ. ಈ ಮಕ್ಬೂಲ್ ಎಡಗೈಯ ಗವಸು ಕಳಚಿ ಮತ್ತೆ ಕಟ್ಟೆಯ ಮೇಲೆ ಕುಳಿತ. ದಬ್ಬಣದ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದ.

"ಕೇಳ್ರಿ ಎಲ್ಲಾರೂ," ಎಂದ ತಲೆಯೆತ್ತದೆ. "ಇದು ಕುಕ್ಕಿ ಅಲ್ಲ. ಯೋಜನಾ ಇಲ್ಲ, ಕಂತಿಲ್ಲ. ಇದು ಗ್ಲೌಸ್, ನನ್ನ ಕೈಗಿ. ಅವತ್ತು ನೀವು ಭೇಷ್ ಅಂದ್ರಿ, ಅದಕ್ಕ ಸುಮ್ನಾದೆ. ತಪ್ಪು ನಂದೇ. ಆದ್ರ ಇದನ್ನ ಹೆಬ್ಬೆರಳು ಹೊರಗ ಬರೋತನ ನಾ ಬಿಡಂಗಿಲ್ಲ."

ಜನ ಕೈಯಲ್ಲಿದ್ದ ಕಾಗದ ಮಡಿಚತೊಡಗಿದರು. ಒಂದು ಮರಿ ಮಾತ್ರ ಯಾರದೋ ಆಧಾರ್ ಝರಾಕ್ಸ್ ತಿನ್ನುತ್ತಿತ್ತು.

ಸಖುಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ ನಾವು ಬಂದಿದ್ದು ಸುಮ್ನೇನು?"

"ಹೌದ್ರಿ ಅಕ್ಕಾ."

ಸಖುಬಾಯಿ ಬಗ್ಗಿ ಅವನ ಕೈಯಲ್ಲಿದ್ದ ಗವಸನ್ನು ನೋಡಿದಳು. ಆಮೇಲೆ ಮರಿಗಳನ್ನು ಎಳೆದುಕೊಂಡು ಅಲ್ಲೇ ಕೂತಳು. "ಹೋಗ್ಲಿ. ಇದನ್ನರ ಮುಗಸ್ರಿ. ಇಷ್ಟು ದೂರ ಬಂದೀವಿ, ನೋಡಿ ಹೋಗ್ತೀವಿ."

ಮೂರು ಮೂವತ್ತೈದು. ಮಕ್ಬೂಲನ ಬೆರಳಿನಿಂದ ಎಳೆ ಮೇಲಿಂದ ಮೇಲೆ ಜಾರುತ್ತಿತ್ತು. ಪಕ್ಕದಲ್ಲಿ ಕಾಗದದ ಸದ್ದಾಯಿತು. ಮೆಹರೀನ್ ಕಟ್ಟೆಯ ಮೇಲೆ ಫಾರ್ಮ್ ಹರಡಿಕೊಂಡು ಪೆನ್ನು ತೆಗೆದಿದ್ದಳು.

"ಇನ್ನಾ ಮುಗದಿಲ್ಲ ಬೇಟಾ," ಎಂದ ಮಕ್ಬೂಲ್ ಗಾಬರಿಯಿಂದ.

"ನನಗ ಕಾಣಸ್ತದ. ನೀವ್ ಬಿಚ್ಚಿ ಹೊಲೀರಿ. ಅಷ್ಟರಾಗ ನಾ ಇದನ್ನ ತುಂಬ್ತೀನಿ." ಅವಳು ತಲೆ ತಗ್ಗಿಸಿ ಬರೆದಳು. ಹೆಸರು, ತಂದೆಯ ಹೆಸರು, ವಿಷಯ: ಗಣಿತ. ಕೊನೆಗೆ ಫಾರ್ಮ್ ಅವನ ಮುಂದಿಟ್ಟಳು. "ಇಲ್ಲಿ ಪಾಲಕರ ಸಹಿ."

ಬಲಗೈಯಲ್ಲಿ ಗವಸು ಇತ್ತು. ಅದನ್ನು ತೆಗೆಯಬೇಕಾಗಲಿಲ್ಲ. ಐದೂ ಬೆರಳು ಹೊರಗಿದ್ದವು, ಪೆನ್ನು ಸಲೀಸಾಗಿ ಹಿಡಿದವು. ಮಕ್ಬೂಲ್ ಒಂದೇ ಉಸಿರಿಗೆ ಸಹಿ ಹಾಕಿದ. ಅವನ ಕಣ್ಣು ಮಂಜಾಗಿ ಕೊನೆಯ ಅಕ್ಷರ ಗೆರೆಯಿಂದ ಹೊರಗೆ ಹೋಯಿತು. ಮೆಹರೀನ್ ಫಾರ್ಮ್ ಕಿತ್ತುಕೊಂಡು ಕಾಲೇಜಿನ ಕಡೆ ಓಡಿದಳು. ಮರಿಗಳು, ಜನ, ಎಲ್ಲರೂ ದಾರಿ ಬಿಟ್ಟರು. ಆ ದಿನ ಬಸ್ಸು ಎಂಟು ನಿಮಿಷ ತಡವಾಗಿ ಹೊರಟಿತು. ಹೊರಟಾಗ ಮಕ್ಬೂಲನ ಎರಡೂ ಹೆಬ್ಬೆರಳು ಹೊರಗಿದ್ದವು.

ಮಾರ್ಚ್ ತಿಂಗಳಲ್ಲಿ ಗಣಿತದ ಪರೀಕ್ಷೆ ಬಂತು. ನಮ್ಮ ಕಡೆಯ ಮಾರ್ಚ್ ಬಿಸಿಲು ತಿಳಿಯದವರು ಮಧ್ಯಾಹ್ನದ ಬಸ್ಸಿನ ಕಂಬಿಯನ್ನೊಮ್ಮೆ ಮುಟ್ಟಿ ನೋಡಬೇಕು. ಆ ಬಿಸಿಲಿನಲ್ಲಿ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಮಕ್ಬೂಲ್ ಎರಡೂ ಕೈಗೆ ಉಣ್ಣೆಯ ಗವಸು ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಪರೀಕ್ಷೆ ಮುಗಿಸಿ ಬಂದ ಮೆಹರೀನ್ ಬಸ್ಸಿನ ಮೆಟ್ಟಿಲ ಹತ್ತಿರ ನಿಂತಳು. "ಅಬ್ಬಾ, ಈ ಬಿಸಲಾಗ ಯಾಕ?"

"ಮುಗಿಸೇನಲ್ಲ, ಹಾಕೋಬ್ಯಾಡೇನು?" ಎಂದ ಮಕ್ಬೂಲ್. ಆಮೇಲೆ ಕೇಳಲೋ ಬೇಡವೋ ಎನ್ನುವಂತೆ, "ಹ್ಯಾಂಗಾತು?" ಎಂದ.

"ಒಂದು ಲೆಕ್ಕ ನಡುವ ತಪ್ಪಿತ್ತು," ಎಂದಳು ಮೆಹರೀನ್ ಹತ್ತುತ್ತಾ. "ಪೂರಾ ಬಿಚ್ಚಿ ಮತ್ತ ಹಾಕಿದೆ."

ಮಕ್ಬೂಲ್ ಬಾಗಿಲು ಹಾಕಿ, ಬೇಕಾದುದಕ್ಕಿಂತ ಎರಡು ಪಟ್ಟು ಉದ್ದಕ್ಕೆ ಸೀಟಿ ಊದಿದ.